ನೋಟ್‌ಬುಕ್ಕಿನ ಹಿಂದಿನ ಪುಟದ ಕಥೆಯನ್ನು ಒಬ್ಬರಿಗಾದರೂ ಓದಿ ಹೇಳಿ

ಅಂತರಸಂತೆ ಕಡೆ ಕಥೆ ಬರೆಯುವವರು ಇಲ್ಲ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಬರೆಯುವವರು ಇದ್ದಾರೆ, ತೋರಿಸುವವರು ಇಲ್ಲ. ಕಾಲೇಜಿಗೆಂದು ಬೆಳಗ್ಗೆ ಎಚ್.ಡಿ. ಕೋಟೆ ಬಸ್ ಹತ್ತುವ ಹುಡುಗಿಯರ ಬ್ಯಾಗು ತೆಗೆದು ನೋಡಿದರೆ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬೇರೆಯದೇ ಲೆಕ್ಕ ಇರುತ್ತದೆ. ಸೀರಿಯಲ್ಲಿನಲ್ಲಿ ಅನ್ಯಾಯವಾಗಿ ಸತ್ತ ಪಾತ್ರ ಅಲ್ಲಿ ಬದುಕಿರುತ್ತದೆ. ಸಿನಿಮಾದಲ್ಲಿ ಕೊನೆಗೆ ಕ್ಷಮಿಸಿದ ಹೆಂಡತಿ ಅಲ್ಲಿ ಕ್ಷಮಿಸಿರುವುದಿಲ್ಲ. ಹುಡುಗರ ಮೊಬೈಲಿನ ನೋಟ್ಸಿನಲ್ಲಿ ಮಂದಣ್ಣ ಇನ್ನೂ ಹಾರುವ ಓತಿ ಹುಡುಕುತ್ತಾ ಅಲೆಯುತ್ತಿರುತ್ತಾನೆ. ಕೇಳಿದರೆ, 'ಏನಿಲ್ಲ ಬಿಡಿ, ಸುಮ್ನೆ ಗೀಚಿದ್ದು' ಎಂದು ಪುಸ್ತಕ ಮುಚ್ಚುತ್ತಾರೆ.

ಮೆಚ್ಚಿದ ಕಥೆಯ ಪಾತ್ರಗಳನ್ನು ಎತ್ತಿಕೊಂಡು ತಾವೇ ಮುಂದಿನ ಕಥೆ ಕಟ್ಟುವುದಕ್ಕೆ ಹೊರಗಿನ ಜಗತ್ತಿನಲ್ಲಿ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ನಾವು ಅಭಿಮಾನಿ ಕಥೆ ಎನ್ನೋಣ. ಇಂಗ್ಲಿಷಿನಲ್ಲಿ ಇದೊಂದು ದೊಡ್ಡ ಲೋಕ. ಓದುಗರೇ ಕಟ್ಟಿ ನಡೆಸುವ ಅಭಿಮಾನಿ ಕಥೆಗಳ ಸಂಗ್ರಹವೊಂದಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿಯೇ ಬಂತು. ವಿಜ್ಞಾನ ಕಥೆಗಳ ಲೋಕದಲ್ಲಿ ಅದು ಬಹಳ ದೊಡ್ಡ ಮರ್ಯಾದೆ. ನಮ್ಮಲ್ಲಿ ಮಾತ್ರ ಇದು ಇನ್ನೂ ಅಕ್ಕಿ ಡಬ್ಬದ ಹಿಂದೆ ಬಚ್ಚಿಡುವ ವಸ್ತು.

ಇಲ್ಲಿ ಕೊರತೆ ಇರುವುದು ಪ್ರತಿಭೆಯದ್ದಲ್ಲ. ನಾಲ್ಕು ಅಂಜಿಕೆಗಳು ದಾರಿಗೆ ಅಡ್ಡ ನಿಂತಿವೆ. ಇದು ಕದ್ದದ್ದು ಅನ್ನುತ್ತಾರೇನೋ ಎಂಬುದು ಒಂದು. ನಮ್ಮ ಭಾಷೆ ಬರೆಯುವ ಭಾಷೆಯಲ್ಲ ಎಂಬುದು ಇನ್ನೊಂದು. ಕಾನೂನಿನ ತೊಂದರೆ ಬಂದರೆ ಎಂಬುದು ಮೂರನೆಯದು. ಮನೆಯವರು, ಊರವರು ಏನಂದಾರು ಎಂಬುದು ನಾಲ್ಕನೆಯದು. ಮೊದಲ ಮೂರಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ. ನಾಲ್ಕನೆಯದು ಕಷ್ಟದ್ದು, ಅದರ ಭಾರವನ್ನು ಬರೆಯುವವರ ಮೇಲೆ ಮಾತ್ರ ಹಾಕಿ ಪ್ರಯೋಜನವಿಲ್ಲ.

ಕದ್ದದ್ದು ಅನ್ನುವ ಮಾತನ್ನು ಮೊದಲು ನೋಡೋಣ. ನಮ್ಮ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಹೇಗೆ ಆಗುತ್ತದೆ ಎಂಬುದು ನಿಮಗೆ ಗೊತ್ತು. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ಬರುತ್ತಾರೆ. ಪಾರ್ಟುಗಳು ಹಂಚಿಕೆಯಾಗುತ್ತವೆ. ದುರ್ಯೋಧನನ ಪಾರ್ಟು ಬೇಕೆಂದರೆ ಜಾಸ್ತಿ ದುಡ್ಡು ಕೊಡಬೇಕು, ಆದರೂ ಅದಕ್ಕೇ ಪೈಪೋಟಿ. ಹೊಗೆಸೊಪ್ಪಿನ ಕೆಲಸ, ಹತ್ತಿ ಕೆಲಸ ಮುಗಿಸಿ ರಾತ್ರಿ ಹೊತ್ತು ತಿಂಗಳುಗಟ್ಟಲೆ ಪ್ರಾಕ್ಟೀಸು. ನಾಟಕದ ದಿನ ಸೀನರಿ, ಲೈಟು, ಮಾಲೆ, ಒನ್ಸ್ ಮೋರ್. ಅವತ್ತು ದುರ್ಯೋಧನ ಬರೀ ಬರೆದುಕೊಟ್ಟಷ್ಟೇ ಮಾತಾಡುತ್ತಾನೆಯೇ? ಇಲ್ಲ. ಜನ ಕೇಕೆ ಹಾಕಿದರೆ ತನ್ನದೂ ನಾಲ್ಕು ಮಾತು ಸೇರಿಸುತ್ತಾನೆ. ಯಾರೂ ಎದ್ದು ನಿಂತು, 'ಇದು ವ್ಯಾಸರು ಬರೆದದ್ದಲ್ಲ, ನೀನು ಕದ್ದು ಬದಲಾಯಿಸಿದೀಯ' ಎನ್ನುವುದಿಲ್ಲ. ಆ ದುರ್ಯೋಧನ ವ್ಯಾಸರವನೂ ಹೌದು, ಮೇಷ್ಟ್ರವನೂ ಹೌದು, ಪಾರ್ಟು ಮಾಡಿದವನವನೂ ಹೌದು. ಇದನ್ನು ನೋಡಿ ಬೆಳೆದ ಊರಿನ ಮಕ್ಕಳು, ಬೇರೆಯವರ ಪಾತ್ರ ಇಟ್ಟುಕೊಂಡು ಕಥೆ ಬರೆಯುವುದು ತಪ್ಪೇನೋ ಎಂದು ಹೆದರಬೇಕಾಗಿಲ್ಲ.

ಇದು ಹಳ್ಳಿ ನಾಟಕದ ಮಾತಷ್ಟೇ ಅಲ್ಲ. ಕನ್ನಡ ಸಾಹಿತ್ಯವೇ ಈ ಕೆಲಸದಿಂದ ಬೆಳೆದದ್ದು. ಪಂಪ 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದಾಗ ತನ್ನ ಅರಸ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದು ಮಾಡಿ ನಿಲ್ಲಿಸಿದ. ದ್ರೌಪದಿಯನ್ನು ಐವರ ಹೆಂಡತಿಯಾಗಿ ಇಡದೆ ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ರನ್ನ ಬಂದು ಅದೇ ಭಾರತವನ್ನು ಭೀಮ ದುರ್ಯೋಧನರ ಗದಾಯುದ್ಧದ ಮೂಲೆಯಿಂದ ನೋಡಿದ, ಸೋಲುವವನ ದುಃಖವನ್ನು ಎಷ್ಟು ಚೆನ್ನಾಗಿ ಕಟ್ಟಿದನೆಂದರೆ ಇವತ್ತಿಗೂ ನೆನಪಿನಲ್ಲಿ ಉಳಿಯುವವನು ದುರ್ಯೋಧನನೇ. ಕುಮಾರವ್ಯಾಸ ಗದಾಪರ್ವಕ್ಕೆ ಕಥೆ ನಿಲ್ಲಿಸಿದ. ಮುಂದೇನಾಯಿತು ಎಂದು ತಡೆಯಲಾರದೆ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದು ಮುಗಿಸಿದ. ಮೆಚ್ಚಿದ ಕವಿ ಬಿಟ್ಟ ಜಾಗದಿಂದ ಇನ್ನೊಬ್ಬ ಮುಂದುವರಿಸುವುದು, ಇದಕ್ಕಿಂತ ನೇರವಾದ ಅಭಿಮಾನಿ ಕಥೆ ಯಾವುದು?

ಈ ಕಾಲದ್ದೇ ಬೇಕೆಂದರೆ ಗಿರೀಶ ಕಾರ್ನಾಡರಿದ್ದಾರೆ. 1961ರಲ್ಲಿ ಅವರ ಯಯಾತಿ ಪ್ರಕಟವಾದಾಗ ಅವರಿಗೆ ಇನ್ನೂ ಇಪ್ಪತ್ತಮೂರು. ಅಪ್ಪನ ಮುಪ್ಪನ್ನು ತಾನು ತೆಗೆದುಕೊಂಡ ಪುರುವಿನ ಕಥೆ ಹಳೆಯದು. ಆದರೆ ಆ ಪುರುವಿಗೆ ಒಬ್ಬ ಹೆಂಡತಿ ಇದ್ದಿದ್ದರೆ, ಒಂದೇ ದಿನದಲ್ಲಿ ಮುದುಕನಾಗಿ ಬಂದ ಗಂಡನನ್ನು ನೋಡಿ ಅವಳಿಗೆ ಏನಾಗುತ್ತಿತ್ತು? ಈ ಪ್ರಶ್ನೆಯಿಂದ ಚಿತ್ರಲೇಖೆ ಹುಟ್ಟಿದಳು. ಅವಳು ಮೂಲ ಭಾರತದಲ್ಲಿ ಇಲ್ಲ. ನಾಟಕ ನೋಡಿದವರಿಗೆ ಮಾತ್ರ ಅವಳನ್ನು ಬಿಟ್ಟು ಆ ಕಥೆಯನ್ನು ನೆನೆಯಲು ಆಗುವುದಿಲ್ಲ. ನೋಟ್‌ಬುಕ್ಕಿನ ಹಿಂದೆ ಬರೆಯುವ ನಮ್ಮ ಹುಡುಗಿಯೂ ಇದೇ ಪ್ರಶ್ನೆ ಕೇಳುತ್ತಿರುತ್ತಾಳೆ: ಆ ಹೆಂಗಸಿಗೆ ಏನನ್ನಿಸಿರಬಹುದು, ಯಾರೂ ಯಾಕೆ ಕೇಳಲಿಲ್ಲ?

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಎತ್ತಿದವರು ಸಣ್ಣವರೇನೂ ಅಲ್ಲ. ಕುವೆಂಪು 1944ರಲ್ಲಿ ಶೂದ್ರ ತಪಸ್ವಿ ನಾಟಕ ತಂದರು. ಶಂಬೂಕ ತಪಸ್ಸು ಮಾಡಿದ್ದಕ್ಕೆ ರಾಮ ಅವನನ್ನು ಕೊಂದ ಎಂಬ ಕಥೆಯನ್ನು ಅವರು ಒಪ್ಪಲಿಲ್ಲ. ಅವರ ನಾಟಕದಲ್ಲಿ ಶಂಬೂಕ ಸಾಯುವುದಿಲ್ಲ, ರಾಮನ ಅಸ್ತ್ರ ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗಿ ಅವನ ಕಣ್ಣು ತೆರೆಸುತ್ತದೆ. ಹಳೆಯ ಕಥೆಯನ್ನು ಹೀಗೆ ಬದಲಾಯಿಸಬಾರದು, ಹೊಸದು ಹೇಳಬೇಕಿದ್ದರೆ ಹೊಸ ಕಥೆಯನ್ನೇ ಬರೆಯಬಹುದಲ್ಲ ಎಂಬ ಅರ್ಥದಲ್ಲಿ ಮಾಸ್ತಿಯವರು ಆಕ್ಷೇಪಿಸಿದರು. ಕುವೆಂಪು ಹಿಂದೆ ಸರಿಯಲಿಲ್ಲ. ಉತ್ತರ ಕೊಟ್ಟರು, ಅಷ್ಟೇ ಅಲ್ಲ, 1947ರಲ್ಲಿ ಬೆರಳ್‌ಗೆ ಕೊರಳ್ ಬರೆದು ಏಕಲವ್ಯನ ಕಥೆಯನ್ನೂ ತಮ್ಮ ಹಾಗೆ ಹೇಳಿದರು. ಆಮೇಲೆ 1949ರಲ್ಲಿ ಶ್ರೀ ರಾಮಾಯಣ ದರ್ಶನಂ ಬಂತು. ಕೊನೆಯಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುವ ರಾಮಾಯಣ ಅದು. ಅದಕ್ಕೇ ಕನ್ನಡದ ಮೊದಲ ಜ್ಞಾನಪೀಠ ಬಂದದ್ದು.

'ನಿಂದೇ ಆದ ಕಥೆ ಬರಿಯಮ್ಮ, ಬೇರೆಯವರದ್ದು ಯಾಕೆ' ಎಂದು ಯಾರಾದರೂ ನಿಮಗೆ ಹೇಳಿದರೆ ಅದು ಮಾಸ್ತಿಯವರು ಎತ್ತಿದ ಪ್ರಶ್ನೆಯ ಸಣ್ಣ ರೂಪ. ಗೌರವದಿಂದ ಕೇಳಿಸಿಕೊಳ್ಳಿ. ಆದರೆ ಶಂಬೂಕನ ಬದಲು ಹೊಸ ಹೆಸರಿನ ಒಬ್ಬ ತಪಸ್ವಿಯನ್ನು ಸೃಷ್ಟಿಸಿದ್ದರೆ ಕುವೆಂಪು ಹೇಳಬೇಕಾದದ್ದು ಯಾರಿಗೂ ತಟ್ಟುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿರುವ ಕಥೆಯಲ್ಲೇ ಅನ್ಯಾಯ ನಡೆದಿದ್ದರೆ ಆ ಕಥೆಯ ಒಳಗೇ ಹೋಗಿ ಮಾತಾಡಬೇಕಾಗುತ್ತದೆ. ಕೆಲವು ಪ್ರಶ್ನೆಗಳನ್ನು ಹೊಸ ಪಾತ್ರದಿಂದ ಕೇಳಲು ಆಗುವುದಿಲ್ಲ.

ನಮ್ಮ ತಾಲ್ಲೂಕಿಗೆ ಇದು ಇನ್ನೂ ಹತ್ತಿರದ ವಿಷಯ. ಬದಲಾಯಿಸಬೇಡಿ ಎಂದ ಮಾಸ್ತಿಯವರೇ ನಮ್ಮ ಪಕ್ಕದ ಕಾಕನಕೋಟೆ ಕಾಡಿನ ಮೇಲೆ ನಾಟಕ ಬರೆದರು. ಕಾಡು ಕುರುಬರನ್ನೂ ಮೈಸೂರಿನ ರಣಧೀರ ಕಂಠೀರವನನ್ನೂ ಒಂದೇ ಕಥೆಯಲ್ಲಿ ತಂದರು. 1977ರಲ್ಲಿ ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದರು. ಅದಕ್ಕೂ ಮೊದಲು, 1973ರಲ್ಲಿ, ಗಂಧದ ಗುಡಿ ಬಂದು ಅರಣ್ಯಾಧಿಕಾರಿಯ ಕಣ್ಣಿನಿಂದ ಇಡೀ ಕರ್ನಾಟಕಕ್ಕೆ ಕಾಡು ತೋರಿಸಿತ್ತು. ಎರಡೂ ನಮಗೆ ಇಷ್ಟ. ಆದರೆ ಎರಡೂ ಹೊರಗಿನಿಂದ ಬಂದವರು ನೋಡಿದ ಕಾಡು. ಒಳಗಿದ್ದವರು ನೋಡಿದ್ದು ಬೇರೆ. ಅವರು ಖೆಡ್ಡಾದಲ್ಲಿ ಆನೆ ಅಟ್ಟಿದರು, 1971ರಲ್ಲಿ ಖೆಡ್ಡಾ ಕೊನೆಯಾದದ್ದನ್ನೂ ನೋಡಿದರು. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ಊರು, ಹೊಲ, ಕಾಡು ಮುಳುಗಿದ್ದನ್ನು ಕಂಡರು. ಆಮೇಲೆ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಹಾಡಿಗಳು ಜಾಗ ಬಿಟ್ಟು ರಸ್ತೆ ಪಕ್ಕಕ್ಕೆ, ಪುನರ್ವಸತಿ ಕಾಲೊನಿಗೆ ಬಂದವು.

ಈಗ ಹಾಡಿಯಿಂದ ಕಾಲೇಜಿಗೆ ಬಂದ ಒಬ್ಬ ಹುಡುಗ ಮಾಸ್ತಿಯವರ ಕಾಚನನ್ನು ಎತ್ತಿಕೊಂಡು, ಅರಸ ಬಂದು ಹೋದ ಮೇಲೆ ಅವನ ಹಾಡಿಯಲ್ಲಿ ಏನಾಯಿತು ಎಂದು ಬರೆದರೆ? ಅಥವಾ ಗಂಧದ ಗುಡಿಯ ಅಧಿಕಾರಿಗೆ ದಾರಿ ತೋರಿಸಿದ ಒಬ್ಬ ಜೇನುಕುರುಬನನ್ನು ತಾನೇ ಹುಟ್ಟಿಸಿ ಅವನ ಬಾಯಲ್ಲಿ ಕಥೆ ಹೇಳಿಸಿದರೆ? ಅದು ಸಿನಿಮಾ ಹುಚ್ಚು ಎಂದು ನಕ್ಕುಬಿಡುವ ವಿಷಯವಲ್ಲ. ಆ ಸಿನಿಮಾವನ್ನು ಅಷ್ಟು ಪ್ರೀತಿಯಿಂದ ನೋಡಿದವನಿಗೇ ಅದರಲ್ಲಿ ತಾನಿಲ್ಲ ಎಂಬುದು ಮೊದಲು ಕಾಣುವುದು. ಅವನು ಬರೆಯದಿದ್ದರೆ ಅವನ ಪರವಾಗಿ ಬೇರೆ ಯಾರೂ ಬರೆಯುವುದಿಲ್ಲ.

ಪತ್ರಿಕೋದ್ಯಮ ಓದಿದ ನಮಗೆ ಇದು ಮುಖ್ಯ ಅನ್ನಿಸಲು ಕಾರಣವಿದೆ. ನಮ್ಮ ತಾಲ್ಲೂಕಿನ ಸುದ್ದಿ ಎಂದರೆ ಹುಲಿ ಬಂತು, ಆನೆ ತುಳಿಯಿತು, ಡ್ಯಾಮು ತುಂಬಿತು, ಹೊಗೆಸೊಪ್ಪಿಗೆ ರೇಟು ಬಿತ್ತು. ಇವು ಬೇಕೇ ಬೇಕು, ನಾವೂ ಬರೆಯುತ್ತೇವೆ. ಆದರೆ ವರದಿಯಲ್ಲಿ ನಡೆದದ್ದನ್ನು ಬರೆಯಬಹುದು, ಯಾರು ಏನು ಹೇಳಿದರೋ ಅದನ್ನು ಬರೆಯಬಹುದು. ನಮ್ಮ ಜನ ಮನಸ್ಸಿನಲ್ಲಿ ಏನು ಆಸೆ ಪಡುತ್ತಾರೆ, ಯಾವ ಕಥೆ ಬೇರೆ ಥರ ಮುಗಿಯಬೇಕಿತ್ತು ಎಂದುಕೊಳ್ಳುತ್ತಾರೆ ಎಂಬುದು ವರದಿಯ ಕೈಗೆ ಸಿಗುವುದಿಲ್ಲ. ಅದು ಆ ಹಿಂದಿನ ಪುಟಗಳಲ್ಲಿ ಇದೆ.

ಎರಡನೆಯ ಅಂಜಿಕೆ ಭಾಷೆಯದ್ದು. 'ನಮ್ ಕಡೆ ಮಾತು ಚೆನ್ನಾಗಿಲ್ಲ, ಶುದ್ಧವಾಗಿ ಬರಿಯಕ್ಕೆ ಬರಲ್ಲ' ಎನ್ನುವವರನ್ನು ನಾವು ಬಹಳ ನೋಡಿದ್ದೇವೆ. ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರು 1984ರಲ್ಲಿ ಕುಸುಮಬಾಲೆ ಬರೆದದ್ದು ಆ ಸೀಮೆಯ ಆಡುಮಾತಿನಲ್ಲೇ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಪುಸ್ತಕಕ್ಕೆ. ಅದಕ್ಕೂ ಹಿಂದೆ ಹೋದರೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆ, ದೇವರಗುಡ್ಡರು ಹಾಡುವ ಮಾದಪ್ಪನ ಕಥೆ. ಭೀಮನಕೊಲ್ಲಿಗೆ ಹೋಗಿ ಬರುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಬ್ಬ ಹಾಡುಗಾರ ಹೇಳಿದ ಹಾಗೆ ಇನ್ನೊಬ್ಬ ಹೇಳುವುದಿಲ್ಲ, ಒಂದೊಂದು ಮೇಳದಲ್ಲಿ ಕಥೆ ಒಂದೊಂದು ಕಡೆ ಹಿಗ್ಗುತ್ತದೆ.

ಆ ಮಾದಪ್ಪನ ಕಥೆಯಲ್ಲೇ ಸಂಕಮ್ಮ ಇದ್ದಾಳೆ. ಜೇನಿಗೆ ಹೊರಟ ಗಂಡ ನೀಲೇಗೌಡ, ತಾನಿಲ್ಲದಾಗ ಪತಿವ್ರತೆಯಾಗಿ ಇರುತ್ತೇನೆ ಎಂದು ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಕೊನೆಗೆ ಮಾದಪ್ಪ ಬಂದು ಕಾಯುತ್ತಾನೆ. ತಲೆತಲಾಂತರದಿಂದ ರಾತ್ರಿಯಿಡೀ ಹಾಡಿದ ಕಥೆ ಇದು. ಇವತ್ತು ಅಂತರಸಂತೆಯ ಒಬ್ಬ ಹೆಣ್ಣುಮಗಳು, ಕೂಲಿಗೆ ಕೊಡಗಿನ ಕಾಫಿ ತೋಟಕ್ಕೆ ಹೋಗುವ ಗಂಡ ಫೋನಿನಲ್ಲಿ ದಿನಾ ಲೆಕ್ಕ ಕೇಳುವುದನ್ನು ನೋಡಿದವಳು, ಸಂಕಮ್ಮನನ್ನು ಈ ಕಾಲಕ್ಕೆ ತಂದು ನಿಲ್ಲಿಸಿದರೆ ಆ ಕಥೆಗೆ ಯಾವ ಭಾಷೆ ಒಪ್ಪುತ್ತದೆ? ಪಠ್ಯಪುಸ್ತಕದ್ದಲ್ಲ. ಅವಳ ಅವ್ವ ಆಡುವ ಮಾತು ಒಪ್ಪುತ್ತದೆ. ಒತ್ತಕ್ಷರ ತಪ್ಪಿದರೆ ಆಮೇಲೆ ಯಾರಾದರೂ ತಿದ್ದಬಹುದು. ಆ ಮಾತನ್ನು ಬೇರೆಯವರು ತಂದು ಹಾಕಲು ಆಗುವುದಿಲ್ಲ.

ಮೂರನೆಯದು ಕಾನೂನು. ಇದರಲ್ಲಿ ಭಯವೂ ಬೇಡ, ಉಡಾಫೆಯೂ ಬೇಡ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಲೇಖಕರು ಬದುಕಿರುವಾಗ ಪ್ರಕಟವಾದ ಪುಸ್ತಕದ ಮೇಲೆ ಅವರ ಜೀವಮಾನ ಪೂರ್ತಿ, ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಭಾರತ, ರಾಮಾಯಣ, ಮಾದಪ್ಪ, ಮಂಟೇಸ್ವಾಮಿ ಕಥೆಗಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಒಬ್ಬರು ಸಂಗ್ರಹಿಸಿ ಅಚ್ಚು ಹಾಕಿಸಿದ ಪುಸ್ತಕದ ಪುಟಗಳನ್ನು ಹಾಗೆಹಾಗೇ ಇಳಿಸಿಕೊಳ್ಳಬೇಡಿ. ಮೈಸೂರಿನ ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಅವಧಿ 2023ಕ್ಕೆ ಮುಗಿದಿದೆ. ಮಾಸ್ತಿಯವರು ತೀರಿಕೊಂಡದ್ದು 1986, ಹಾಗಾಗಿ 2046ರವರೆಗೆ ಹಕ್ಕು ಇದೆ. ಕುವೆಂಪು 1994, ಅಂದರೆ 2054ರವರೆಗೆ. ತೇಜಸ್ವಿ 2007, ಅಂದರೆ 2067ರವರೆಗೆ.

ಹಕ್ಕು ಇರುವ ಕೃತಿಯ ಪಾತ್ರ ಇಟ್ಟುಕೊಂಡು ಬರೆಯುವುದೇ ಬೇಡವೆಂದು ಇದರ ಅರ್ಥವೇ? ಬರೆದು ಗೆಳತಿಗೆ ಓದಿ ಹೇಳುವುದಕ್ಕೆ ಯಾರೂ ಕೋರ್ಟಿಗೆ ಎಳೆಯುವುದಿಲ್ಲ. ಆದರೆ ನಮ್ಮ ಕಾಯ್ದೆಯಲ್ಲಿ ಅಭಿಮಾನಿ ಕಥೆಗೆಂದೇ ಬೇರೆ ರಿಯಾಯಿತಿ ಇಲ್ಲ. ಆದ್ದರಿಂದ ನಾವು ಪಾಲಿಸುವ ನಿಯಮ ಇದು: ಮೂಲ ಯಾರದ್ದು ಎಂದು ಮೊದಲ ಸಾಲಿನಲ್ಲೇ ಹೇಳಿ. ಮೂಲದ ವಾಕ್ಯಗಳನ್ನು ಎತ್ತಬೇಡಿ, ಪಾತ್ರವನ್ನು ಮಾತ್ರ ಎತ್ತಿಕೊಳ್ಳಿ. ದುಡ್ಡು ಮಾಡಬೇಡಿ. ಅಚ್ಚು ಹಾಕಿಸಿ ಮಾರುವ, ನಾಟಕ ಮಾಡಿ ಟಿಕೆಟ್ ಇಡುವ ಹಂತ ಬಂದರೆ ಬರೆದು ಅನುಮತಿ ಕೇಳಿ.

ಇದರ ಜೊತೆಗೆ ಒಂದು ಗೆರೆ ಎಳೆಯಲೇಬೇಕು. ಪಾತ್ರಗಳ ಬಗ್ಗೆ ಎಷ್ಟು ಬೇಕಾದರೂ ಕಟ್ಟಿ, ಬದುಕಿರುವ ನಟ ನಟಿಯರ ಸ್ವಂತ ಜೀವನದ ಬಗ್ಗೆ ಕಟ್ಟಬೇಡಿ. ಅಭಿಮಾನ ಜೋರಾಗಿರುವ ನಾಡು ನಮ್ಮದು, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇವೆ. ಬೆಳ್ಳಿಮೋಡದ ಇಂದಿರಾ ನಿಮ್ಮವಳು, ಆ ಪಾತ್ರ ಮಾಡಿದ ಕಲ್ಪನಾ ಅವರ ಬದುಕು ನಿಮ್ಮದಲ್ಲ. ಊರಿನ ಪಕ್ಕದ ಮನೆಯವರನ್ನು ಹೆಸರು ಬದಲಿಸಿ ಕಥೆಯಲ್ಲಿ ತೂರಿಸಿ ಸೇಡು ತೀರಿಸಿಕೊಳ್ಳುವುದಕ್ಕೂ ಇದೇ ಮಾತು.

ಇಂದಿರಾಳ ಹೆಸರು ಬಂತಲ್ಲ, ಶುರು ಮಾಡುವವರಿಗೆ ಅವಳಿಗಿಂತ ಒಳ್ಳೆಯ ಪಾತ್ರ ಸಿಗುವುದು ಕಷ್ಟ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಮಾಡಿದ ಸಿನಿಮಾ ನೋಡಿದವರಿಗೆ ಗೊತ್ತು: ಅವಳ ಅಪ್ಪನ ದುಡ್ಡಿನಲ್ಲಿ ವಿದೇಶಕ್ಕೆ ಓದಲು ಹೋದ ಮೋಹನ್, ಆಸ್ತಿಗೆ ತಮ್ಮನೊಬ್ಬ ಹುಟ್ಟಿದ ಎಂದ ಕೂಡಲೇ ಮದುವೆ ಬೇಡ ಎನ್ನುತ್ತಾನೆ. ಆಮೇಲೆ ಕಾಲು ಮುರಿದುಕೊಂಡು ಅವಳ ಮನೆಯಲ್ಲೇ ಅವಳಿಂದಲೇ ಸೇವೆ ಮಾಡಿಸಿಕೊಂಡು, ಮನಸ್ಸು ಬದಲಾಯಿಸಿ, ಮದುವೆಯಾಗೋಣ ಎನ್ನುತ್ತಾನೆ. ಆಗ ಅವಳು ಬೇಡ ಎನ್ನುತ್ತಾಳೆ. ಬೇಡ ಎಂದ ಮಾರನೆಯ ದಿನ ಇಂದಿರಾ ಎಷ್ಟು ಹೊತ್ತಿಗೆ ಎದ್ದಳು? ಅಪ್ಪನಿಗೆ ಏನೆಂದಳು? ಹತ್ತು ವರ್ಷದ ಮೇಲೆ ತೋಟದ ಲೆಕ್ಕ ಯಾರು ಬರೆಯುತ್ತಿದ್ದರು, ತಮ್ಮನೋ ಅವಳೋ? ಇದಕ್ಕೆ ಉತ್ತರ ಯಾರೂ ಬರೆದಿಟ್ಟಿಲ್ಲ, ನೀವು ಬರೆಯಬಹುದು.

ಇನ್ನು ಕಷ್ಟದ ಅಂಜಿಕೆ, ಮನೆ ಮತ್ತು ಊರು. ಇಲ್ಲಿ ಹುಡುಗರಿಗೂ ಹುಡುಗಿಯರಿಗೂ ಒಂದೇ ಅಳತೆ ಇಲ್ಲ ಎಂಬುದನ್ನು ಬಿಚ್ಚಿ ಹೇಳಬೇಕು. ಆ ಕುರುಕ್ಷೇತ್ರ ನಾಟಕದಲ್ಲೇ ನೋಡಿ. ದುರ್ಯೋಧನ ನಮ್ಮೂರವನು, ದ್ರೌಪದಿಯನ್ನು ಮಾತ್ರ ಹೊರಗಿನಿಂದ ದುಡ್ಡು ಕೊಟ್ಟು ಕರೆಸುತ್ತಾರೆ. ಊರಿನ ಹೆಣ್ಣುಮಗಳು ಸ್ಟೇಜ್ ಹತ್ತುವುದು ಅಪರೂಪ. ಗಂಡಸು ಸಾವಿರಗಟ್ಟಲೆ ಖರ್ಚು ಮಾಡಿ ಬೇರೆಯವರ ಕಥೆಯಲ್ಲಿ ಮೆರೆದರೆ ಅದು ಕಲೆ. ಹುಡುಗಿ ಹತ್ತು ರೂಪಾಯಿಯ ಪುಸ್ತಕದಲ್ಲಿ ಅದನ್ನೇ ಮಾಡಿದರೆ, 'ಯಾಕವ್ವ ಇದೆಲ್ಲ, ಓದ್ಕೊ ಹೋಗು.' ಅವಳ ಕಥೆಯಲ್ಲಿ ಪ್ರೀತಿ ಗೀತಿ ಬಂದರಂತೂ ಇದು ಯಾರ ಬಗ್ಗೆ ಬರೆದದ್ದು ಎಂಬ ವಿಚಾರಣೆ ಶುರು. ಪಾತ್ರದ ಮಾತನ್ನು ಬರೆದವಳ ಮಾತು ಎಂದೇ ಓದುತ್ತಾರೆ.

ಹೀಗಿರುವಾಗ ಹುಡುಗಿಗೆ 'ಧೈರ್ಯ ಮಾಡು' ಎಂದು ಬರೀ ಬಾಯಿಮಾತು ಹೇಳುವುದು ಸುಲಭ. ಧೈರ್ಯ ಒಳಗಿನಿಂದ ತಾನೇ ಉಕ್ಕಿ ಬರುವ ವಸ್ತುವಲ್ಲ. ಒಬ್ಬರು ನಗದೆ ಪೂರ್ತಿ ಕೇಳಿದರೆ ಎರಡನೆಯವರಿಗೆ ಹೇಳುವಷ್ಟು ಬರುತ್ತದೆ. ಆದ್ದರಿಂದ ನಮ್ಮ ಸಲಹೆ ಸಣ್ಣದು.

ಮೊದಲು ಒಬ್ಬರನ್ನು ಆರಿಸಿಕೊಳ್ಳಿ. ಮನೆಯ ವಾಟ್ಸಾಪ್ ಗ್ರೂಪಿಗೆ ಮೊದಲ ದಿನವೇ ಹಾಕಬೇಡಿ, ಅಲ್ಲಿ ಶುಭೋದಯದ ಗುಲಾಬಿ ಹೂವುಗಳ ಮಧ್ಯೆ ಕಥೆ ಕಳೆದುಹೋಗುತ್ತದೆ, ಇಲ್ಲವೇ ಚಿಕ್ಕಪ್ಪನ ಕಣ್ಣಿಗೇ ಬೀಳುತ್ತದೆ. ಆ ಸಿನಿಮಾ, ಆ ಪುಸ್ತಕ ನಿಮ್ಮಷ್ಟೇ ಇಷ್ಟಪಟ್ಟವರು ಒಬ್ಬರು ಸಾಕು. ಪೂರ್ತಿ ಕಥೆ ಬೇಡ, ಎರಡು ಪುಟ. ಪುಸ್ತಕ ಕೈಗೆ ಕೊಡುವ ಬದಲು ಓದಿ ಹೇಳಿ. ನಮ್ಮ ಕಡೆ ಕಥೆ ಯಾವಾಗಲೂ ಕಿವಿಗೇ ಬಂದದ್ದು. ಓದುವಾಗ ಎಲ್ಲಿ ನಿಮಗೇ ನಾಲಿಗೆ ತೊಡರುತ್ತದೋ ಅಲ್ಲಿ ವಾಕ್ಯ ಸರಿಯಿಲ್ಲ ಎಂದು ತಿಳಿಯುತ್ತದೆ. ಓದಿ ಮುಗಿಸಿ 'ಹೇಗಿದೆ' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. 'ಎಲ್ಲಿ ಬೇಜಾರಾಯ್ತು? ಅವಳು ಹಾಗೆ ಮಾತಾಡ್ತಾಳೆ ಅನ್ನಿಸ್ತಾ?' ಎಂದು ಕೇಳಿ.

ಹೆಸರಿನ ಭಯವಿದ್ದರೆ ಬೇರೆ ಹೆಸರು ಇಟ್ಟುಕೊಳ್ಳಿ. ತ್ರಿವೇಣಿ ಎಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ. ಮಾಸ್ತಿಯವರು ಶ್ರೀನಿವಾಸ ಎಂಬ ಹೆಸರಿನಲ್ಲಿ ಬರೆದರು. ಕನ್ನಡದಲ್ಲಿ ಕಾವ್ಯನಾಮ ಇಟ್ಟುಕೊಂಡವರನ್ನು ಯಾರೂ ಹೇಡಿ ಎನ್ನುವುದಿಲ್ಲ. ಹುಡುಗಿಯರು ಕಥೆಯ ಜೊತೆ ಫೋಟೋ, ಫೋನ್ ನಂಬರು, ಕಾಲೇಜಿನ ಹೆಸರು ಹಾಕದೇ ಇರುವುದು ಒಳ್ಳೆಯದು. ಮೆಚ್ಚಿ ಬರೆದವರೆಲ್ಲ ಕಥೆಯನ್ನೇ ಮೆಚ್ಚಿರುವುದಿಲ್ಲ.

ಒಬ್ಬರಾದ ಮೇಲೆ ನಾಲ್ವರು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಂಜೆ ಹೊತ್ತು ಕುರ್ಚಿಗಳು ಖಾಲಿಯಿರುತ್ತವೆ. ಲೈಬ್ರರಿ ನೋಡಿಕೊಳ್ಳುವವರನ್ನು ಕೇಳಿ ತಿಂಗಳಿಗೊಂದು ಶನಿವಾರ ಕೂತು ಓದಿ. ಸರಗೂರಿನಲ್ಲಿ ಜನಧ್ವನಿ ಸಮುದಾಯ ರೇಡಿಯೊ ಇದೆ, ನಮ್ಮ ಕಡೆಯವರ ದನಿಗೆಂದೇ ಇರುವುದು. ಸಂಕಮ್ಮನ ಹೊಸ ಕಥೆಯೊಂದನ್ನು ಹತ್ತು ನಿಮಿಷಕ್ಕೆ ಇಳಿಸಿ ಅಲ್ಲಿಗೆ ಹೋಗಿ ಕೇಳಿ ನೋಡಿ. ಆಮೇಲೆ ಮೊಬೈಲಿನಲ್ಲಿ ಪ್ರತಿಲಿಪಿಯಂಥ ಜಾಗಗಳು ಇದ್ದೇ ಇವೆ. ಆದರೆ ಗೊತ್ತಿಲ್ಲದ ಸಾವಿರ ಜನಕ್ಕೆ ತೋರಿಸುವ ಮೊದಲು ಗೊತ್ತಿರುವ ನಾಲ್ಕು ಜನಕ್ಕೆ ತೋರಿಸಿದರೆ ಕಥೆಗೂ ಒಳ್ಳೆಯದು, ಬರೆದವರಿಗೂ ಒಳ್ಳೆಯದು.

ಬರೆದದ್ದೆಲ್ಲ ಚೆನ್ನಾಗಿರುತ್ತದೆ ಎಂದು ನಾವು ಹೇಳುತ್ತಿಲ್ಲ. ಬಹಳಷ್ಟು ಸಾಧಾರಣವಾಗಿರುತ್ತದೆ. ಮೊದಲ ಕಥೆಯಲ್ಲಿ ಎಲ್ಲರೂ ಅಳುತ್ತಿರುತ್ತಾರೆ, ಇಲ್ಲವೇ ಎಲ್ಲರೂ ಒಬ್ಬಳನ್ನೇ ಪ್ರೀತಿಸುತ್ತಿರುತ್ತಾರೆ. ಅದು ಕಲಿಯುವ ದಾರಿ. ಪಾತ್ರಗಳು, ಊರು, ಹಿನ್ನೆಲೆ ಮೊದಲೇ ಸಿದ್ಧವಾಗಿರುವುದರಿಂದ ಅಭಿಮಾನಿ ಕಥೆಯಲ್ಲಿ ಹೊಸಬರಿಗೆ ಒಂದು ಅನುಕೂಲವಿದೆ: ಮಾತು ಬರೆಯುವುದು ಹೇಗೆ, ಒಂದು ದೃಶ್ಯ ಎಲ್ಲಿ ನಿಲ್ಲಿಸಬೇಕು ಎಂಬುದರ ಮೇಲೆ ಪೂರ್ತಿ ಗಮನ ಕೊಡಬಹುದು. ಹಳೆಯ ಹಾದಿಯಲ್ಲಿ ಸೈಕಲ್ ಕಲಿತವರು ಆಮೇಲೆ ತಮ್ಮ ಹಾದಿ ಹಿಡಿಯುತ್ತಾರೆ. ಹಿಡಿಯದೆ ಇದ್ದರೂ ನಷ್ಟವಿಲ್ಲ.

ಕೊನೆಗೆ ಬರೆಯದವರಿಗೆ ಒಂದು ಮಾತು. ಅಣ್ಣ ತಮ್ಮಂದಿರು, ಅಪ್ಪ ಅವ್ವಂದಿರು, ಕಾಲೇಜಿನ ಮೇಷ್ಟ್ರುಗಳು, ನಿಮ್ಮ ಕೈಗೆ ಇಂಥ ಒಂದು ನೋಟ್‌ಬುಕ್ ಸಿಕ್ಕರೆ ಅದನ್ನು ಜೋರಾಗಿ ಓದಿ ನಾಲ್ಕು ಜನರ ಮುಂದೆ ನಗಬೇಡಿ. ಯಾರ ಬಗ್ಗೆ ಬರೆದದ್ದು ಎಂದು ಕೇಳಬೇಡಿ. ಮುಂದೇನಾಯಿತು ಎಂದು ಕೇಳಿ. ಅಜ್ಜಿ ಕಥೆ ನಿಲ್ಲಿಸಿದಾಗ ನಾವೆಲ್ಲ ಕೇಳಿದ ಪ್ರಶ್ನೆ ಅದೇ ತಾನೆ. ಒಂದು ಮನೆಯಲ್ಲಿ ಆ ಪ್ರಶ್ನೆ ಕೇಳಿದರೆ ಆ ಮನೆಯ ಹುಡುಗಿ ಎರಡನೆಯ ಕಥೆ ಬರೆಯುತ್ತಾಳೆ, ಮೂರನೆಯದನ್ನು ಬಚ್ಚಿಡುವುದಿಲ್ಲ.

ಬರೆಯುವವರಿಗೆ ಹೇಳುವುದು ಇಷ್ಟೇ: ಪಂಪನಿಂದ ನಮ್ಮೂರಿನ ದುರ್ಯೋಧನನವರೆಗೆ ಯಾರೂ ಅಪ್ಪಣೆಗೆ ಕಾದು ಕೂತಿಲ್ಲ. ಈ ವಾರ ಎರಡು ಪುಟ ಓದಿ ಹೇಳಲು ಒಬ್ಬರನ್ನು ಹುಡುಕಿಕೊಳ್ಳಿ.